ತನ್ನ ಜೌಗನ್ನು ತಾನೇ ಕಟ್ಟುವ ಹಾವಸೆ

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಯ ಲೆಕ್ಕದಿಂದಲೇ ಶುರು ಮಾಡೋಣ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಕೇತ್‌ನೆಸ್, ಸದರ್‌ಲೆಂಡ್ ಎಂಬ ಸೀಮೆಗಳಿವೆ. ಅಲ್ಲಿ ಬೀಳುವುದು 1,000 ಮಿಲಿಮೀಟರ್ ಆಸುಪಾಸು. ಅಂದರೆ ಆಗುಂಬೆಯ ಏಳನೇ ಒಂದು ಪಾಲು. ಆದರೆ ಆಗುಂಬೆಯ ಸುತ್ತಲಿನ ಹುಲ್ಲುಗುಡ್ಡಗಳು ಏಪ್ರಿಲ್ ಹೊತ್ತಿಗೆ ಒಣಗಿ ನಿಂತಿರುತ್ತವೆ. ಸ್ಕಾಟ್ಲೆಂಡಿನ ಆ ಬಯಲಿನಲ್ಲಿ ಯಾವ ತಿಂಗಳು ಕಾಲಿಟ್ಟರೂ ಪಾದ ಮುಳುಗುತ್ತದೆ. ಅಲ್ಲಿ ಸುಮಾರು 4,000 ಚದರ ಕಿಲೋಮೀಟರ್ ನೆಲ ಜೌಗು. ಅದರ ಹೆಸರು ಫ್ಲೋ ಕಂಟ್ರಿ. 2024ರ ಜುಲೈನಲ್ಲಿ ಯುನೆಸ್ಕೋ ಅದರ ಒಂದು ದೊಡ್ಡ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ತೀರ್ಮಾನ ಆದದ್ದು ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲೇ.

ಕಡಿಮೆ ಮಳೆಯ ಊರು ಹೀಗೆ ವರ್ಷಪೂರ್ತಿ ಒದ್ದೆಯಾಗಿರುವುದು ಹೇಗೆ? ಅರ್ಧ ಉತ್ತರ ಹವಾಮಾನದಲ್ಲಿದೆ. ನಮ್ಮ ಮಳೆ ನಾಲ್ಕೈದು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಆಮೇಲೆ ಬಿಸಿಲು. ಅಲ್ಲಿ ಮಳೆ ಸ್ವಲ್ಪ ಸ್ವಲ್ಪವಾಗಿ ವರ್ಷವಿಡೀ ಬೀಳುತ್ತದೆ. ಚಳಿ ಇರುವುದರಿಂದ ಆವಿಯಾಗುವುದೂ ಕಡಿಮೆ. ಉಳಿದ ಅರ್ಧ ಉತ್ತರ ಒಂದು ಗಿಡದಲ್ಲಿದೆ. ಬೇರಿಲ್ಲದ, ಹೂವಿಲ್ಲದ, ಬೆರಳುದ್ದದ ಗಿಡ. ಹೆಸರು ಸ್ಫಾಗ್ನಮ್. ಅದರ ಕುಟುಂಬ ಸ್ಫಾಗ್ನೇಸಿ. ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಹಾವಸೆ ಕುಟುಂಬದ ಬಗ್ಗೆಯೇ ಇವತ್ತಿನ ಮಾತು.

ಹಾವಸೆ ಅಂದ ಕೂಡಲೇ ನಮಗೆ ನೆನಪಾಗುವುದು ಮಳೆಗಾಲದ ಕಾಂಪೌಂಡ್ ಗೋಡೆ, ಬಾವಿಕಟ್ಟೆ. ನೀರಿದ್ದಲ್ಲಿ ಅವು ಹಬ್ಬುತ್ತವೆ, ನೀರು ಹೋದರೆ ಮುದುಡಿ ಕಾಯುತ್ತವೆ. ಸ್ಫಾಗ್ನಮ್ ಇಷ್ಟಕ್ಕೇ ನಿಲ್ಲುವುದಿಲ್ಲ. ಸ್ವಲ್ಪ ಒದ್ದೆ ಸಿಕ್ಕರೆ ಸಾಕು, ಆ ಜಾಗವನ್ನು ಇನ್ನಷ್ಟು ಒದ್ದೆ ಮಾಡುತ್ತದೆ, ಹುಳಿ ಮಾಡುತ್ತದೆ, ಬೇರೆ ಗಿಡಗಳು ಬದುಕಲಾರದ ಹಾಗೆ ಮಾಡುತ್ತದೆ. ಸಾವಿರಾರು ವರ್ಷ ಇದೇ ಕೆಲಸ ನಡೆದಾಗ ಒಂದು ಸೀಮೆಯ ನೆಲವೇ ಬೇರೆಯಾಗುತ್ತದೆ. ಜೌಗು ಅಲ್ಲಿ ಮೊದಲೇ ಇತ್ತು, ಹಾವಸೆ ಬಂದು ಸೇರಿಕೊಂಡಿತು ಎಂದು ತಿಳಿದರೆ ಕಥೆಯ ಮುಖ್ಯ ಭಾಗವೇ ಕೈತಪ್ಪುತ್ತದೆ.

ಈ ಗಿಡದ ರಚನೆ ನೋಡೋಣ. ಒಂದು ಸಣ್ಣ ಕಾಂಡ. ಅದರ ಸುತ್ತ ಗೊಂಚಲು ಗೊಂಚಲಾಗಿ ಕೊಂಬೆಗಳು. ಪ್ರತಿ ಗೊಂಚಲಿನಲ್ಲಿ ಕೆಲವು ಕೊಂಬೆ ಹೊರಗೆ ಚಾಚಿಕೊಳ್ಳುತ್ತವೆ, ಇನ್ನು ಕೆಲವು ಕಾಂಡಕ್ಕೆ ಅಂಟಿಕೊಂಡು ಕೆಳಗೆ ಜೋತುಬೀಳುತ್ತವೆ. ಜೋತುಬಿದ್ದ ಕೊಂಬೆಗಳ ಸಂದಿಯಲ್ಲಿ ನೀರು ತಾನಾಗಿ ಮೇಲೇರುತ್ತದೆ. ತುದಿಯಲ್ಲಿ ಎಳೆ ಕೊಂಬೆಗಳೆಲ್ಲ ಒತ್ತಾಗಿ ಸೇರಿ ಒಂದು ತಲೆ ಆಗುತ್ತದೆ. ಬೆಳೆಯುವುದು ಈ ತಲೆ ಮಾತ್ರ. ಕೆಳಗಿನ ಭಾಗ ಬೆಳಕು ಸಿಗದೆ ಸಾಯುತ್ತಾ ಹೋಗುತ್ತದೆ.

ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಿಜವಾದ ಸೊಗಸು ಕಾಣುತ್ತದೆ. ಕ್ಲಾಸಿನಲ್ಲಿ ಎಷ್ಟು ಸಲ ತೋರಿಸಿದ್ದರೂ ನನಗೆ ಇನ್ನೂ ಬೇಸರ ಬಂದಿಲ್ಲ. ಎಲೆಯ ದಪ್ಪ ಒಂದೇ ಒಂದು ಕೋಶ. ಆ ಒಂದೇ ಪದರದಲ್ಲಿ ಎರಡು ಜಾತಿಯ ಕೋಶಗಳು. ಒಂದು, ಕಿರಿದಾದ ಹಸಿರು ಕೋಶ. ಇವು ಜೀವಂತ, ಬಿಸಿಲಿನಿಂದ ಆಹಾರ ತಯಾರಿಸುವುದು ಇವುಗಳ ಕೆಲಸ. ಇನ್ನೊಂದು, ದೊಡ್ಡದಾದ, ಬಣ್ಣವಿಲ್ಲದ, ಖಾಲಿ ಕೋಶ. ಇವು ಸತ್ತವು. ಬೆಳೆದು, ಗೋಡೆ ಕಟ್ಟಿಕೊಂಡು, ಒಳಗಿನದನ್ನೆಲ್ಲ ಕಳೆದುಕೊಂಡು ಖಾಲಿಯಾಗಿ ನಿಂತಿವೆ. ಗೋಡೆ ಕುಸಿಯದ ಹಾಗೆ ಒಳಗೆ ಬಳೆಬಳೆಯಾಗಿ ದಪ್ಪ ಪಟ್ಟಿಗಳಿವೆ. ನೀರು ಒಳಹೋಗಲು ಗೋಡೆಯಲ್ಲಿ ತೂತುಗಳಿವೆ. ಎಲೆಯ ಬಹುಪಾಲು ಜಾಗ ಈ ಸತ್ತ ಕೋಶಗಳದ್ದೇ. ಹಸಿರು ಕೋಶಗಳು ಅವುಗಳ ನಡುವೆ ತೆಳುವಾಗಿ ಹಾದುಹೋಗುತ್ತವೆ.

ಹಾಗಾಗಿ ಒಣಗಿದ ಸ್ಫಾಗ್ನಮ್ ತನ್ನ ತೂಕದ ಸುಮಾರು 20 ಪಟ್ಟು ನೀರು ಹಿಡಿಯುತ್ತದೆ. ನೀರು ಹೋದಾಗ ಆ ಕೋಶಗಳಲ್ಲಿ ಗಾಳಿ ತುಂಬಿ ಇಡೀ ಗಿಡ ಬೆಳ್ಳಗಾಗುತ್ತದೆ.

ಎರಡನೆಯ ಕೆಲಸ ಹುಳಿ ಮಾಡುವುದು. ಈ ಹಾವಸೆಯ ಕೋಶಗೋಡೆ ಮಳೆನೀರಿನಲ್ಲಿರುವ ಚೂರುಪಾರು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳನ್ನು ಹಿಡಿದುಕೊಳ್ಳುತ್ತದೆ. ಬದಲಿಗೆ ಹೈಡ್ರೋಜನ್ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಸುತ್ತಲಿನ ನೀರಿನ ಪಿಎಚ್ (ಇದು ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ ಇಳಿಯುತ್ತದೆ, ಎಷ್ಟೋ ಕಡೆ ಅದಕ್ಕೂ ಕೆಳಗೆ. ಅಲ್ಲಿಗೆ ಎರಡು ಲಾಭ. ತನಗೆ ಬೇಕಾದ ಪೋಷಕಾಂಶ ಸಿಕ್ಕಿತು. ಪೈಪೋಟಿಗೆ ಬರುವ ಗಿಡಗಳಿಗೆ ಜಾಗ ಕೆಟ್ಟಿತು.

ಇಂಥ ಬಡ ಹುಳಿನೆಲದಲ್ಲಿ ಸಾರಜನಕಕ್ಕೆ ಬರ. ಅಲ್ಲಿ ಉಳಿಯಬೇಕಾದರೆ ಬೇರೆ ದಾರಿ ಹುಡುಕಬೇಕು. ಕೀಟ ಹಿಡಿದು ತಿನ್ನುವ ಡ್ರೋಸೆರಾ ಗಿಡ ಉತ್ತರದ ಜೌಗುಗಳಲ್ಲಿ ಸ್ಫಾಗ್ನಮ್ ಹಾಸಿನ ಮೇಲೇ ಬೆಳೆಯುತ್ತದೆ. ಅದರ ಸೋದರ ಪ್ರಭೇದಗಳು ನಮ್ಮಲ್ಲೂ ಇವೆ. ಕರಾವಳಿಯ ಮುರಕಲ್ಲಿನ ಬಯಲಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಗ್ಗಿ ನೋಡಿದರೆ ಕೆಂಪು ಎಲೆಯ ಮೇಲೆ ಅಂಟುಹನಿಗಳು ಕಾಣುತ್ತವೆ. ನಮ್ಮಲ್ಲಿ ಸ್ಫಾಗ್ನಮ್ ಜೌಗು ಇಲ್ಲ, ಆದರೆ ಮುರಕಲ್ಲಿನ ನೆಲವೂ ಅಷ್ಟೇ ಬಡವು. ಬಡತನ ಒಂದೇ ಆದ್ದರಿಂದ ಉಪಾಯವೂ ಒಂದೇ.

ಈಗ ಮುಖ್ಯ ವಿಷಯ. ಕೆಳಗೆ ಸತ್ತ ಭಾಗ ಕೊಳೆಯಬೇಕಲ್ವಾ? ಕೊಳೆಯುವುದು ಬಹಳ ನಿಧಾನ. ನೀರು ತುಂಬಿರುವುದರಿಂದ ಆಮ್ಲಜನಕ ಇಲ್ಲ. ಹುಳಿ ಇದೆ, ಚಳಿ ಇದೆ. ಜೊತೆಗೆ ಸ್ಫಾಗ್ನಮ್ ಗೋಡೆಯಲ್ಲಿರುವ ಕೆಲವು ಸಕ್ಕರೆ ಸರಪಳಿಗಳು ಮತ್ತು ಫೀನಾಲ್‌ಗಳು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಹೀಗೆ ಕೊಳೆಯದೆ ಉಳಿದದ್ದೇ ಪೀಟ್. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಸೇರುತ್ತದೆ. ಫ್ಲೋ ಕಂಟ್ರಿಯಲ್ಲಿ ಸುಮಾರು 9,000 ವರ್ಷಗಳಿಂದ ಇದು ಸೇರುತ್ತಾ ಬಂದಿದೆ. ಪೀಟ್ ಏರಿದಂತೆ ಹಾವಸೆಯ ಹಾಸು ಅಡಿಯ ಮಣ್ಣಿನಿಂದಲೂ ಅಂತರ್ಜಲದಿಂದಲೂ ದೂರವಾಗುತ್ತದೆ. ಕೊನೆಗೆ ಮಳೆ ಮತ್ತು ಗಾಳಿಯ ಧೂಳು ಬಿಟ್ಟರೆ ಅದಕ್ಕೆ ಬೇರೆ ಊಟವೇ ಇಲ್ಲ. ಐರ್ಲೆಂಡ್, ಜರ್ಮನಿ, ಬಾಲ್ಟಿಕ್ ದೇಶಗಳಲ್ಲಿ ಕೆಲವು ಜೌಗುಗಳು ನಡುವೆ ಉಬ್ಬಿ, ಸುತ್ತಲಿನ ನೆಲಕ್ಕಿಂತ ಮೀಟರುಗಟ್ಟಲೆ ಎತ್ತರದಲ್ಲಿವೆ. ನೀರು ತಗ್ಗಿಗೆ ಹರಿಯಬೇಕು. ಇಲ್ಲಿ ನೀರು ದಿಬ್ಬದ ಮೇಲೆ ನಿಂತಿದೆ, ಅದನ್ನು ಹಿಡಿದು ನಿಲ್ಲಿಸಿರುವುದು ಹಾವಸೆ.

ಒಂದೇ ಜೌಗಿನೊಳಗೂ ಜಾಗ ಹಂಚಿಕೆ ಇದೆ. ನೀರಿನ ಗುಂಡಿಗಳಲ್ಲಿ ಸ್ಫಾಗ್ನಮ್ ಕಸ್ಪಿಡೇಟಮ್ ತೇಲುತ್ತದೆ. ಗುಂಡಿಯ ಅಂಚಿನ ಸಮತಟ್ಟು ಜಾಗದಲ್ಲಿ ಸ್ಫಾಗ್ನಮ್ ಪ್ಯಾಪಿಲೋಸಮ್. ಅಡಿ ಎತ್ತರದ ದಿಬ್ಬಗಳ ಮೇಲೆ ಕಂದು ಬಣ್ಣದ ಸ್ಫಾಗ್ನಮ್ ಫಸ್ಕಮ್, ಕೆಂಪು ಛಾಯೆಯ ಸ್ಫಾಗ್ನಮ್ ಕ್ಯಾಪಿಲಿಫೋಲಿಯಮ್. ದಿಬ್ಬದ ಪ್ರಭೇದಗಳು ನೀರಿನಿಂದ ದೂರ ಇದ್ದೂ ಒಣಗುವುದಿಲ್ಲ. ಅವು ಒತ್ತೊತ್ತಾಗಿ ಬೆಳೆಯುತ್ತವೆ, ಸಂದಿ ಕಿರಿದಾದಷ್ಟೂ ನೀರು ಜಾಸ್ತಿ ಮೇಲೇರುತ್ತದೆ. ಗುಂಡಿಯ ಪ್ರಭೇದ ಬೇಗ ಬೆಳೆದು ಬೇಗ ಕೊಳೆಯುತ್ತದೆ. ದಿಬ್ಬದ ಪ್ರಭೇದ ನಿಧಾನವಾಗಿ ಕೊಳೆಯುತ್ತದೆ, ಆದ್ದರಿಂದ ದಿಬ್ಬ ದಿಬ್ಬವಾಗಿಯೇ ಉಳಿಯುತ್ತದೆ. ತಮ್ಮ ತಮ್ಮ ಎತ್ತರವನ್ನೂ ಇವು ತಾವೇ ಕಾಪಾಡಿಕೊಳ್ಳುತ್ತವೆ.

ಬೀಜಾಣು ಹಾರಿಸುವ ರೀತಿಯನ್ನು ಹೇಳದೆ ಮುಂದೆ ಹೋಗಲಾರೆ. ಹಾವಸೆಯ ತಲೆಯ ಮೇಲೆ ಎರಡು ಮಿಲಿಮೀಟರಿನಷ್ಟು ಸಣ್ಣ ಕಂದು ಗುಂಡು ಏಳುತ್ತದೆ. ಒಳಗೆ ಹತ್ತಾರು ಸಾವಿರ ಬೀಜಾಣುಗಳು. ಬಿಸಿಲಿಗೆ ಒಣಗುತ್ತಾ ಗುಂಡು ಪಕ್ಕದಿಂದ ಸೊರಗಿ ಕೊಳವೆಯ ಆಕಾರಕ್ಕೆ ಬರುತ್ತದೆ. ಒಳಗಿನ ಗಾಳಿಗೆ ಒತ್ತಡ ಏರುತ್ತದೆ. ಮಕ್ಕಳು ಕಾಯಿ ತುಂಬಿ ಹೊಡೆಯುವ ಬಿದಿರಿನ ಕೋವಿಯಲ್ಲಿ ಆಗುವುದೂ ಇದೇ. ಕೊನೆಗೆ ಮುಚ್ಚಳ ಹಾರಿ, ಬೀಜಾಣುಗಳು 10 ಸೆಂಟಿಮೀಟರಿಗೂ ಮೇಲೆ ಚಿಮ್ಮುತ್ತವೆ. ಅಷ್ಟು ಹಗುರ ಪುಡಿ ಗಾಳಿಯ ತಡೆಯನ್ನು ಸೀಳಿ ಅಷ್ಟು ಎತ್ತರ ಹೋಗುವುದು ಸುಲಭವಲ್ಲ. ಡ್ವೈಟ್ ವಿಟೇಕರ್ ಮತ್ತು ಜೋನ್ ಎಡ್ವರ್ಡ್ಸ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2010ರಲ್ಲಿ ಪ್ರಕಟಿಸಿದರು. ಹೊರಬರುವ ಗಾಳಿ ಉಂಗುರದಂತೆ ಸುತ್ತುತ್ತಾ ಮೇಲೇರುತ್ತದೆ, ಬೀಜಾಣುಗಳನ್ನು ಆ ಸುಳಿಯೇ ಹೊತ್ತೊಯ್ಯುತ್ತದೆ. ನೆಲಕ್ಕೆ ಅಂಟಿಕೊಂಡ ಗಿಡಕ್ಕೆ ಅಷ್ಟು ಎತ್ತರ ಸಿಕ್ಕರೆ ಸಾಕು, ಅಲ್ಲಿಂದ ಮುಂದೆ ಗಾಳಿಯಿದೆ.

ಕೊಳೆಯದಿರುವ ಗುಣ ಮನುಷ್ಯರ ಚರಿತ್ರೆಯಲ್ಲೂ ಬಂದಿದೆ. 1950ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಹತ್ತಿರ ಪೀಟ್ ಕೊಯ್ಯುತ್ತಿದ್ದವರಿಗೆ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಇತ್ತೀಚಿನ ಕೊಲೆ ಇರಬೇಕು ಅಂದುಕೊಂಡು ಪೊಲೀಸರನ್ನು ಕರೆದರು. ಆತ ಸತ್ತು ಸುಮಾರು 2,400 ವರ್ಷವಾಗಿತ್ತು. ತಲೆಗೆ ಚರ್ಮದ ಟೋಪಿ, ಕೊರಳಲ್ಲಿ ಹೆಣೆದ ಚರ್ಮದ ನೇಣು. ಗಲ್ಲದ ಮೇಲೆ ಒಂದೆರಡು ದಿನದ ಗಡ್ಡದ ಕುರುಚಲು, ಹಣೆಯಲ್ಲಿ ಗೆರೆಗಳು. ಹೊಟ್ಟೆಯಲ್ಲಿ ಬಾರ್ಲಿಯ ಗಂಜಿ. ಟೋಲುಂಡ್ ಮನುಷ್ಯ ಎಂದೇ ಹೆಸರಾದ ಆತ ಈಗ ಸಿಲ್ಕೆಬೋರ್ಗ್ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಜೌಗಿನ ಹುಳಿನೀರು, ಆಮ್ಲಜನಕದ ಕೊರತೆ, ಸ್ಫಾಗ್ನಮ್ ಬಿಟ್ಟ ರಸ ಸೇರಿ ಚರ್ಮವನ್ನು ಹದ ಮಾಡಿವೆ.

ಮೊದಲ ಮಹಾಯುದ್ಧದಲ್ಲಿ ಇದೇ ಹಾವಸೆ ಗಾಯಕ್ಕೆ ಕಟ್ಟುವ ಪಟ್ಟಿಯಾಯಿತು. ಹತ್ತಿಗೆ ಸ್ಫೋಟಕ ತಯಾರಿಸುವವರಿಂದಲೇ ಭಾರಿ ಬೇಡಿಕೆ ಇತ್ತು, ಆಸ್ಪತ್ರೆಗಳಿಗೆ ಸಾಲುತ್ತಿರಲಿಲ್ಲ. ಎಡಿನ್‌ಬರೋದ ಸಸ್ಯವಿಜ್ಞಾನಿ ಐಸಾಕ್ ಬೇಲಿ ಬಾಲ್ಫರ್ ಮತ್ತು ಶಸ್ತ್ರವೈದ್ಯ ಚಾರ್ಲ್ಸ್ ಕ್ಯಾತ್‌ಕಾರ್ಟ್ ಸ್ಫಾಗ್ನಮ್ ಬಳಸಿ ಎಂದು ಒತ್ತಾಯಿಸಿದರು. ಕೆಲಸಕ್ಕೆ ಚೆನ್ನಾಗಿ ಬರುವ ಪ್ರಭೇದ ಯಾವುದು ಎಂದೂ ಆರಿಸಿ ಹೇಳಿದರು. ಹಳ್ಳಿಗಳ ಹೆಂಗಸರು, ಮಕ್ಕಳು ಜೌಗಿಗೆ ಇಳಿದು ಹಾವಸೆ ಕಿತ್ತು, ಕಸ ಆರಿಸಿ, ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿದರು. 1918ರ ಹೊತ್ತಿಗೆ ಬ್ರಿಟನ್ನಿನಿಂದ ತಿಂಗಳಿಗೆ ಸುಮಾರು 10 ಲಕ್ಷ ಪಟ್ಟಿಗಳು ಆಸ್ಪತ್ರೆಗಳಿಗೆ ಹೋಗುತ್ತಿದ್ದವು. ಹತ್ತಿಗಿಂತ ಜಾಸ್ತಿ ರಕ್ತ ಹೀರಿಕೊಳ್ಳುತ್ತಿದ್ದವು, ಹುಳಿ ಗುಣದಿಂದ ಗಾಯ ಕೀವಾಗುವುದೂ ಕಡಿಮೆಯಾಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಜನ ಜೌಗನ್ನು ಬಹುಕಾಲ ಬರಡು ನೆಲ ಎಂದೇ ಕಂಡರು. ಕಾಲುವೆ ತೋಡಿ ನೀರು ಬಸಿದರು. ನೀರು ಬಸಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಕಬ್ಬಿಣದ ಕಂಬ ಸಾಕ್ಷಿ ಇದೆ. ಕೇಂಬ್ರಿಜ್‌ಶೈರ್‌ನ ಹೋಮ್ ಫೆನ್ ಎಂಬಲ್ಲಿ, 1851ರ ಸುಮಾರಿಗೆ, ಅದನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಪೂರ್ತಿ ಹೂಳಿದ್ದರು. ಪಕ್ಕದ ಸರೋವರ ಬಸಿದರು. ಪೀಟ್‌ಗೆ ಗಾಳಿ ತಾಗಿತು, ಕುಗ್ಗಿತು, ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಯಿತು. ಇವತ್ತು ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಕದಲಿಲ್ಲ, ನೆಲ ಇಳಿಯಿತು.

ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ಇನ್ನೂ ಕಷ್ಟ. 2010ರ ಬೇಸಿಗೆಯಲ್ಲಿ ಮಾಸ್ಕೋ ನಗರವನ್ನು ಹೊಗೆ ಮುಚ್ಚಿತ್ತು. ಹಿಂದೆ ಬಸಿದುಬಿಟ್ಟಿದ್ದ ಸುತ್ತಲಿನ ಪೀಟ್ ನೆಲಗಳು ಒಳಗೊಳಗೇ ಉರಿಯುತ್ತಿದ್ದವು. ಆಮೇಲೆ ಅಲ್ಲಿ ಕಾಲುವೆಗಳಿಗೆ ಅಡ್ಡಕಟ್ಟು ಹಾಕಿ ಮತ್ತೆ ನೀರು ತುಂಬಿಸುವ ಕೆಲಸ ಶುರುವಾಯಿತು. ಫ್ಲೋ ಕಂಟ್ರಿಯೂ ಪಾರಾಗಿರಲಿಲ್ಲ. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಹಣವಂತರು ಜೌಗು ಉತ್ತು ಕೋನಿಫರ್ ಮರಗಳನ್ನು ನೆಟ್ಟರು. 1988ರಲ್ಲಿ ಆ ರಿಯಾಯಿತಿ ನಿಂತಿತು. ಈಗ ಆ ಮರಗಳನ್ನೇ ಕಡಿದು, ಕಾಲುವೆ ಮುಚ್ಚುತ್ತಿದ್ದಾರೆ. ಮರ ನೆಡುವುದು ಎಲ್ಲೆಡೆಯೂ ಒಳ್ಳೆಯದೇ ಎಂದು ನಂಬಿರುವ ನಮಗೆ ಇದು ಕೇಳಲೇಬೇಕಾದ ಮಾತು. ಪೀಟ್ ನೆಲಗಳು ಭೂಮಿಯ ನೆಲದಲ್ಲಿ ಸುಮಾರು ಶೇಕಡ 3 ಮಾತ್ರ. ಆದರೆ ಅವುಗಳಲ್ಲಿ ಇರುವ ಇಂಗಾಲ ಲೋಕದ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ. ಎಲ್ಲ ಪೀಟೂ ಸ್ಫಾಗ್ನಮ್‌ನಿಂದ ಆದದ್ದಲ್ಲ. ಇಂಡೋನೇಷ್ಯಾ, ಕಾಂಗೋಗಳ ಪೀಟ್ ಮರಗಳದ್ದು. ಉತ್ತರದ ದೇಶಗಳಲ್ಲಿ ಮಾತ್ರ ಈ ಹಾವಸೆಯೇ ದೊಡ್ಡ ಕೂಡಿಡುವವನು.

ಕೆಟ್ಟ ಜೌಗನ್ನು ಸರಿಮಾಡಬಹುದೇ? ಆಗುತ್ತದೆ, ತಾಳ್ಮೆ ಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಲೀನ್ ರೋಶ್‌ಫೋರ್ ಮತ್ತು ಅವರ ತಂಡ ಇದಕ್ಕೊಂದು ಪದ್ಧತಿ ರೂಪಿಸಿದೆ. ಚೆನ್ನಾಗಿರುವ ಜೌಗಿನಿಂದ ಮೇಲಿನ ಸುಮಾರು 10 ಸೆಂಟಿಮೀಟರ್ ಹಾವಸೆ ತೆಗೆಯುತ್ತಾರೆ. ಚೂರು ಮಾಡಿ ಹತ್ತು ಪಟ್ಟು ದೊಡ್ಡ ಜಾಗಕ್ಕೆ ಹರಡುತ್ತಾರೆ. ಮೇಲೆ ಒಣಹುಲ್ಲು ಮುಚ್ಚುತ್ತಾರೆ. ಕಾಲುವೆಗಳನ್ನು ಕಟ್ಟುತ್ತಾರೆ. ಪ್ರತಿ ಚೂರಿನಿಂದ ಹೊಸ ಗಿಡ ಚಿಗುರುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಹಾವಸೆಯ ಹಾಸು ಮರಳಿ ಬರುತ್ತದೆ. ಹಾಳಾಗಿ ಹೋದ ಮೀಟರುಗಟ್ಟಲೆ ಪೀಟ್ ಮರಳಿ ಬರುವುದಿಲ್ಲ, ಅದಕ್ಕೆ ಸಾವಿರಾರು ವರ್ಷ ಬೇಕು. ಆದ್ದರಿಂದಲೇ ಉಳಿದಿರುವುದನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ ಎನ್ನುತ್ತೇನೆ.

ನಮ್ಮ ಕಡೆ ಪೀಟ್ ಇಲ್ಲವೇ ಇಲ್ಲ ಎಂದಲ್ಲ. ನೀಲಗಿರಿಯ ಮೇಲೆ, 2,000 ಮೀಟರಿಗೂ ಎತ್ತರದ ಹುಲ್ಲುಗಾವಲು ಕಣಿವೆಗಳಲ್ಲಿ ಪೀಟ್ ಇದೆ. ಅದರಲ್ಲಿ ಇರುವುದು ಹೆಚ್ಚಾಗಿ ಹುಲ್ಲು, ಜೇಕಿನ ಉಳಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಆ ಪೀಟ್‌ನ ಇಂಗಾಲವನ್ನು ಪದರ ಪದರವಾಗಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಒಣ ಕಾಲದಲ್ಲಿ ಹಬ್ಬುವ ಹುಲ್ಲುಗಳಿಗೂ ತೇವದ ಕಾಲದ ಗಿಡಗಳಿಗೂ ಇಂಗಾಲದ ಐಸೋಟೋಪುಗಳ (ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ರೂಪಗಳ) ಪ್ರಮಾಣ ಬೇರೆ. ಆ ಲೆಕ್ಕ ಹಿಡಿದು 20,000 ವರ್ಷಗಳ ಮುಂಗಾರಿನ ಏರಿಳಿತ ಓದಿದರು. ಹಿಮಯುಗದ ಚಳಿ ಅತಿಯಾಗಿದ್ದಾಗ ನೀಲಗಿರಿ ಒಣಗಿತ್ತು, ಸುಮಾರು 11,000 ವರ್ಷದ ಹಿಂದೆ ತೇವ ತುದಿ ಮುಟ್ಟಿತ್ತು. ಕೊಳೆಯದೆ ಉಳಿದ ಗಿಡ ಇಷ್ಟೆಲ್ಲ ಹೇಳಬಲ್ಲದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಆರ್ಕಿಡ್ ಬೆಳೆಸುವ ಒಬ್ಬರು ಕೇಳಿದರು: "ಮೇಡಂ, ನಾವು ನರ್ಸರಿಯಿಂದ ಸ್ಫಾಗ್ನಮ್ ಮಾಸ್ ತರುತ್ತೇವೆ. ತಪ್ಪಾ?"

ಅಂಗಡಿಯಲ್ಲಿ ಸಿಗುವುದು ಎರಡು ವಸ್ತು. ಉದ್ದ ಎಳೆಯ ಒಣ ಹಾವಸೆ ಒಂದು. ಚಿಲಿ, ನ್ಯೂಜಿಲೆಂಡ್‌ಗಳಲ್ಲಿ ಜೌಗಿನ ಮೇಲ್ಪದರದಿಂದ ಕೀಳುವುದು ಇದನ್ನೇ. ಹುಷಾರಾಗಿ ಕಿತ್ತರೆ ಕೆಲವು ವರ್ಷಗಳಲ್ಲಿ ಮತ್ತೆ ಬೆಳೆಯುತ್ತದೆ. ಇನ್ನೊಂದು ಕಪ್ಪು ಕಂದು ಬಣ್ಣದ ಪೀಟ್ ಪುಡಿ. ಅದು ಸಾವಿರಾರು ವರ್ಷದ್ದು, ತೆಗೆದರೆ ಹೋಯಿತು. ಆರ್ಕಿಡ್‌ಗೆ ಒಂದು ಹಿಡಿ ಮಾಸ್ ಬಳಸಿ, ಬೇಡ ಎನ್ನುವುದಿಲ್ಲ. ಪೀಟ್ ಮಾತ್ರ ಬೇಡ. ನಮ್ಮ ತುಮಕೂರು, ಹಾಸನ ಕಡೆಯ ತೆಂಗಿನ ನಾರಿನ ಘಟಕಗಳಲ್ಲಿ ಉಳಿಯುವ ಪುಡಿಯೇ ಕೊಕೊಪೀಟ್ ಅಲ್ವಾ? ಯುರೋಪಿನವರು ಪೀಟ್ ಬದಲಿಗೆ ಭಾರತದ ಕೊಕೊಪೀಟ್ ತರಿಸಿಕೊಳ್ಳುತ್ತಾರೆ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಚೆನ್ನಾಗಿ ತೊಳೆದದ್ದನ್ನೇ ಕೊಳ್ಳಿ. ಇನ್ನೊಂದು ಮಾತು: ಒಣ ಮಾಸ್ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಅದರಲ್ಲಿ ಇರಬಹುದಾದ ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಗಾಯದ ಮೂಲಕ ಒಳಸೇರಿ ಚರ್ಮದಲ್ಲಿ ಹುಣ್ಣು ಮಾಡುತ್ತದೆ. 1988ರಲ್ಲಿ ಅಮೆರಿಕದಲ್ಲಿ ಹಾವಸೆ ಮುಟ್ಟಿದ ಹಲವರಿಗೆ ಹೀಗಾಗಿತ್ತು.

ಎರಡನೆಯದು: "ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಕುಂಡದಲ್ಲಿ ಬೆಳೆಸಬಹುದಾ?"

ಪ್ರಯತ್ನ ಪಡಬಹುದು. ನೆರಳು, ತಂಪು ಬೇಕು. ಬೋರ್‌ವೆಲ್ ನೀರು ಹಾಕಬೇಡಿ. ಅದರ ಕ್ಯಾಲ್ಸಿಯಂ ಈ ಹಾವಸೆಗೆ ವಿಷವಿದ್ದ ಹಾಗೆ. ಹಿಡಿದಿಟ್ಟ ಮಳೆನೀರು ಮಾತ್ರ ಹಾಕಿ. ಗೊಬ್ಬರ ಬೇಡವೇ ಬೇಡ. ಏಪ್ರಿಲ್ ದಾಟಿಸುವುದೇ ಕಷ್ಟದ ಕೆಲಸ.

ಮೂರನೆಯದು ಒಬ್ಬಳು ಹೈಸ್ಕೂಲು ಹುಡುಗಿಯದ್ದು: "ಆ ಸತ್ತ ಕೋಶಗಳನ್ನು ನಮ್ಮೂರಲ್ಲೇ ನೋಡಕ್ಕೆ ಆಗಲ್ವಾ?"

ಆಗುತ್ತದೆ, ಪುಟ್ಟಾ. ಸ್ಫಾಗ್ನಮ್ ಬೇಕಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತೆಂಗು ಮತ್ತಿತರ ತಾಳೆ ಜಾತಿಯ ಮರಗಳ ಕಾಂಡದ ಮೇಲೆ ಆಕ್ಟೋಬ್ಲೆಫರಮ್ ಆಲ್ಬಿಡಮ್ ಎಂಬ ಹಾವಸೆ ಬೆಳೆಯುತ್ತದೆ. ಕುಟುಂಬ ಬೇರೆ. ಆದರೆ ನೀರು ಹಿಡಿಯುವ ಖಾಲಿ ಕೋಶಗಳ ಉಪಾಯವನ್ನು ಅದೂ ಕಂಡುಕೊಂಡಿದೆ. ಒಣಗಿದಾಗ ಬಿಳಿಚಿಕೊಂಡ ಸಣ್ಣ ಮೆತ್ತೆಗಳಾಗಿ ಕಾಣುತ್ತದೆ, ಆಗ ಗುರುತಿಸುವುದು ಸುಲಭ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಒಂದು ಹನಿ ನೀರು ಬಿಡು. ಬಿಳಿ ಹೋಗಿ ಹಸಿರಾಗುವುದು ಕಣ್ಣೆದುರೇ ಕಾಣುತ್ತದೆ. ಕೋಶಗಳನ್ನೇ ನೋಡಬೇಕಾದರೆ ಒಂದು ಎಲೆ ಕಿತ್ತು ಶಾಲೆಯ ಸೂಕ್ಷ್ಮದರ್ಶಕಕ್ಕೆ ಒಯ್ಯಿ. ಈ ಹಾವಸೆಯ ಎಲೆ ದಪ್ಪ, ಹಸಿರು ಕೋಶಗಳು ಖಾಲಿ ಕೋಶಗಳ ಪದರಗಳ ನಡುವೆ ಅಡಗಿರುತ್ತವೆ. ಹಾಗಾಗಿ ಬ್ಲೇಡಿನಿಂದ ಅಡ್ಡಲಾಗಿ ತೆಳ್ಳಗೆ ಸೀಳಬೇಕು. ಬ್ಲೇಡಿನ ಕೆಲಸಕ್ಕೆ ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಜೊತೆಗೆ ಕರೆದುಕೋ.